ನೀವು ಹತ್ತದ ಮೆಟ್ಟಿಲು

ಅಪ್ಪಾ,

ನೀವು ಸೋತಿದ್ದ ಆ ಕೊಲೆ ಕೇಸನ್ನು ಇವತ್ತು ನಾನು ಗೆದ್ದೆ. ನಿಮ್ಮ ಕಕ್ಷಿದಾರ, ಆ ಬೀಗ ರಿಪೇರಿಯವನು, ನಿರಪರಾಧಿ ಎಂದು ಮೇಲಿನ ಕೋರ್ಟು ಹೇಳಿತು. ನಡುವೆ ಬಾಯಿ ಹಾಕಬೇಡಿ. ಸತ್ತ ಮೇಲಾದರೂ ಪೂರ್ತಿ ಕೇಳಿಸಿಕೊಳ್ಳಿ.

ಅವನು ಓಡಿಹೋಗಿದ್ದನ್ನು ಮಹಡಿಯ ಕಿಟಕಿಯಿಂದ ಕಂಡೆ ಎಂದು ಒಬ್ಬಾಕೆ ಸಾಕ್ಷಿ ಹೇಳಿದ್ದಳಲ್ಲ, ನಾನು ಹೋಗಿ ಆ ಕಿಟಕಿಯ ಬಳಿ ನಿಂತೆ. ಕಾಣಿಸುವುದು ಪಕ್ಕದ ಬೇಕರಿಯ ಗೋಡೆ, ಅಷ್ಟೇ. ಆ ಕೊಲೆಗೂ ಮೊದಲೇ, ನಾನು ಹುಟ್ಟುವ ಮೊದಲೇ ಎದ್ದ ಗೋಡೆ. ಅದರ ಫೋಟೋ ನೋಡಿದ ನ್ಯಾಯಾಧೀಶರು ಕನ್ನಡಕ ತೆಗೆದು, "ಆಗಿನ ವಕೀಲರು ಅಲ್ಲಿಗೆ ಹೋಗಿ ನೋಡಲೇ ಇಲ್ವಾ?" ಎಂದರು.

"ಇಲ್ಲ" ಎಂದೆ.

ಮಂಡಿನೋವು, ಮೆಟ್ಟಿಲು ಹತ್ತಲಾರೆ ಎಂದಿದ್ದಿರಂತೆ. ಕ್ಲಬ್ಬಿನ ಎರಡನೇ ಮಹಡಿಗೆ ಮಾತ್ರ ಅದೇ ಮಂಡಿ ದಿನಾ ಸಂಜೆ ಸರಾಗವಾಗಿ ಹತ್ತುತ್ತಿತ್ತು. ಕೋರ್ಟಿನಲ್ಲಿ ಕರುಣೆಯ ಬಗ್ಗೆ ಗಂಟಲು ಹರಿದುಕೊಂಡಿರಿ, ಕೂತ ಜನ ಕಣ್ಣೊರೆಸಿಕೊಂಡರು. ಅವನು ಜೈಲಿಗೆ ಹೋದ, ನೀವು ಮನೆಗೆ ಊಟಕ್ಕೆ ಬಂದಿರಿ.

ಸಂಜೆ ಜೈಲಿನ ಬಾಗಿಲಲ್ಲಿ ಅವನು ನನ್ನ ಕೈ ಹಿಡಿದುಕೊಂಡ. ತಲೆಯೆಲ್ಲ ಬೆಳ್ಳಗಾಗಿದೆ.

"ನಿಮ್ಮ ತಂದೆಯವರು ನನಗೋಸ್ಕರ ಎಷ್ಟು ಒದ್ದಾಡಿದ್ರಮ್ಮ! ಕೊನೇವರೆಗೂ ನನ್ನನ್ನ ನೆನೀತಿದ್ರಾ?"

ನಿಮ್ಮ ಬಾಯಲ್ಲಿ ಅವನ ಹೆಸರನ್ನು ಒಮ್ಮೆಯೂ ಕೇಳಿದವಳಲ್ಲ ನಾನು.

"ದಿನಾ ನೆನೀತಿದ್ರು" ಅಂದೆ.

ನಿಮ್ಮ ಮಗಳಲ್ಲವೇ, ಸುಳ್ಳು ಸಲೀಸಾಗಿ ಬಂತು.