ಚಾವಣಿಗೆ ಸುಣ್ಣ ಬೇಡ

ಮನೆ ಮಾಲೀಕರಿಗೆ ನಮಸ್ಕಾರ.

ಬೀಗದ ಕೈ ಪಕ್ಕದ ಮನೆ ಅಜ್ಜಿಯ ಹತ್ತಿರ ಇದೆ. ಗೋಡೆಗಳಿಗೆ ನಾನೇ ಸುಣ್ಣ ಬಳಿದಿದ್ದೇನೆ. ಪೇಂಟರ್ ಬಿಟ್ಟುಹೋದ ಮನೆ ಮಾಸಿರಬಾರದಲ್ಲ. ಮಲಗುವ ಕೋಣೆಯ ಚಾವಣಿಗೆ ಮಾತ್ರ ಕೈ ಏಳಲಿಲ್ಲ.

ಹಾಸಿಗೆ ಹಿಡಿದ ನನ್ನವಳು ಮಲಗಿದಲ್ಲಿಂದಲೇ ಹೇಳಿ ಬರೆಸಿದ ಆಕಾಶ ಅದು. ಬಾಗಿಲ ಮೇಲಿನ ಸುರುಳಿ ಆಂಡ್ರೊಮಿಡಾ, ನಮ್ಮ ಕಡೆಗೇ ಬರುತ್ತಿರುವ ನೆರೆಯ ಗ್ಯಾಲಕ್ಸಿ. ನೀವು ರಿಪೇರಿ ಮಾಡಿಸದ ಸೋರಿಕೆಯ ಕಲೆ ಮುಚ್ಚಲು ಹೋದೆ. "ಅಯ್ಯೋ, ಬಿಡ್ರೀ! ಅದು ಕುದುರೆತಲೆ ನೀಹಾರಿಕೆ. ಬರೀ ಕಪ್ಪು ಧೂಳು, ಆದ್ರೂ ಗತ್ತು ನೋಡ್ರೀ! ಹಿಂದೆ ಬೆಳಕಿರೋದಕ್ಕೇ ಅದು ಕಾಣೋದು," ಎಂದಳು. ಕಲೆಯ ಸುತ್ತ ಕೆಂಪು ಹಚ್ಚಿದೆ. ಕುದುರೆ ತಲೆಯೆತ್ತಿತು.

ಸೋರಿಕೆಯನ್ನು ಮೇಲಿನಿಂದಲೇ ಸರಿಮಾಡಿಸಿ. ಹೊಸಬರಿಗೆ ಮಂಚವನ್ನು ಕಿಟಕಿಯ ಪಕ್ಕ ಹಾಕಲು ಹೇಳಿ. ಅವಳು ಮಲಗುತ್ತಿದ್ದ ಜಾಗದಿಂದಲೇ ಎಲ್ಲವೂ ಸರಿಯಾಗಿ ಕಾಣುವುದು; ಮೊನ್ನೆ ಮೊದಲ ಸಲ ಅಲ್ಲಿ ಮಲಗಿ ನೋಡಿದೆ.

ಇಂತಿ,
ನಿಮ್ಮ ಮೇಲ್ಮಹಡಿಯ ಪೇಂಟರ್