ಸಾಹೇಬರನ್ನು ದೋಣಿಯಿಂದ ಇಳಿಸಿದ್ದು

ಅವ್ವನಿಗೆ ಸುಭಾಸನ ನಮಸ್ಕಾರ. ಅಂಡಮಾನಿನಿಂದ ಬರೆಯುತ್ತಿದ್ದೇನೆ. ಪ್ರವಾಸಕ್ಕೆ ಬಂದ ನಮ್ಮ ಬಸ್ ಡಿಪೋದವರೆಲ್ಲ ಆರಾಮಾಗಿದ್ದೇವೆ, ಹೊಸ ಮ್ಯಾನೇಜರ್ ಸಾಹೇಬರೊಬ್ಬರನ್ನು ಬಿಟ್ಟು.

ಇಲ್ಲಿ ತಳಕ್ಕೆ ಗಾಜು ಕೂರಿಸಿದ ದೋಣಿಯಲ್ಲಿ ಕೂತು ಮೀನು ನೋಡುತ್ತಾರೆ. ಎಂಟು ಜನರ ದೋಣಿ ತುಂಬಿದ ಮೇಲೆ ಸಾಹೇಬರು ಬಂದು ಒಂದು ಕಾಲು ಒಳಗಿಟ್ಟರು. ದೋಣಿ ಒಂದು ಕಡೆ ವಾಲಿತು. ಕಂಡಕ್ಟರನ ಬಾಯಿ ಸುಮ್ಮನಿರುತ್ತದೆಯೇ? "ಭರ್ತಿ ಆಗೇತ್ರಿ, ಇಳೀರಿ! ಹಿಂದ ಇನ್ನೊಂದು ಖಾಲಿ ಬರಾಕತ್ತೇತಿ," ಎಂದು ಕೂಗಿಬಿಟ್ಟೆ.

"ಏ, ನಾ ಮ್ಯಾನೇಜರ್ ಅದೇನಿ!"

"ಮ್ಯಾನೇಜರ್‌ಗೂ ತೂಕ ಇರತೈತ್ರಿ ಸಾಹೇಬ್ರ."

ಡ್ರೈವರ್ ಹಣಮಂತಪ್ಪ ಕಿಸಕ್ಕನೆ ನಕ್ಕ. ಸಾಹೇಬರು ಇಳಿದರು. ನಡುನೀರಿನಲ್ಲಿ ತೆರೆಯೊಂದು ಬಡಿದು ದೋಣಿಯೊಳಗೆ ನೀರು ನುಗ್ಗಿತು. ಇನ್ನೊಬ್ಬರಿದ್ದಿದ್ದರೆ ಮೀನುಗಳೇ ನಮ್ಮನ್ನು ನೋಡುತ್ತಿದ್ದವು. ಹಿಂದೆ ಇನ್ನೊಂದು ದೋಣಿ ಮಾತ್ರ ಬರಲೇ ಇಲ್ಲ.

ತಿರುಗಿ ಬಂದಾಗ ಸಾಹೇಬರು ಬಿಸಿಲಿಗೆ ಕೆಂಪಗಾಗಿ ದಂಡೆಯಲ್ಲೇ ನಿಂತಿದ್ದರು. "ಒಂದನೇ ತಾರೀಖಿನಿಂದ ನಿನಗ ತೊರಗಲ್ ವಸ್ತಿ ಬಸ್ಸೇ. ದಿನಾ ರಾತ್ರಿ ಅಲ್ಲೇ ಬಿದ್ಕೋ," ಎಂದರು. ನಾನು ಮುಖ ಸಣ್ಣದು ಮಾಡಿಕೊಂಡೆ. ಉಳಿದವರೆಲ್ಲ ತುಟಿ ಕಚ್ಚಿ ಮರಳು ನೋಡುತ್ತ ನಿಂತರು.

ಮೂಗಿನ ತೊಗಲು ಸುಲಿದದ್ದು ಬಿಟ್ಟರೆ ಆರೋಗ್ಯವಾಗಿದ್ದೇನೆ. ಈ ಕಾಗದಕ್ಕಿಂತ ನಾನೇ ಮೊದಲು ಬಂದೇನು. ನಮ್ಮ ಮನೆ ತೊರಗಲ್‌ನಲ್ಲೇ ಇದೆಯೆಂದು ಸಾಹೇಬರಿಗೆ ಯಾರೂ ಹೇಳಿಲ್ಲ. ವರ್ಷದಿಂದ ಬಾಡಿಗೆ ಖೋಲಿಯಲ್ಲಿ ಒಬ್ಬನೇ ಇದ್ದು ಸಾಕಾಗಿದೆ. ನಿನ್ನ ಸೊಸೆಗೆ ಹೇಳು, ನನ್ನ ಹಾಸಿಗೆ ಬಿಸಿಲಿಗೆ ಹಾಕಲಿ.

ಸುಭಾಸ