ಎದುರು ಕುರ್ಚಿಯ ಮಾತು

ಮಂಗಳವಾರ.

...ಇದು ನಮ್ಮಿಬ್ಬರಲ್ಲೇ ಇರಲಿ ಮೇಡಂ, ಎಂದೋ ಏನೋ ಅಂದಿದ್ದಳು ಆ ಟೀಚರಮ್ಮ, ಹೋದ ವಾರ ಫೋನಿನಲ್ಲಿ. ಮಗಳ ಪರೀಕ್ಷೆ ಮುಗಿದ ಮೇಲೆ ಗಂಡನನ್ನು ಬಿಟ್ಟುಹೋಗುವುದು ಎಂದು ತೀರ್ಮಾನಿಸಿದ್ದಳು. ದಾಂಪತ್ಯ ಸಲಹೆಗೆಂದು ಗಂಡನ ಜೊತೆ ನನ್ನ ಹತ್ತಿರ ಬರುವುದು ಬರೀ ಹೆಸರಿಗೆ. ಜೋಡಿಯಲ್ಲಿ ಒಬ್ಬರ ಗುಟ್ಟನ್ನು ನಾನು ಇನ್ನೊಬ್ಬರಿಂದ ಬಚ್ಚಿಡುವವಳಲ್ಲ. ನೀವೇ ಅವರಿಗೆ ಹೇಳಿ ಎಂದು ಒಂದು ವಾರ ಕೊಟ್ಟೆ.

ಇವತ್ತು ಅವಳು ತುಟಿ ಬಿಚ್ಚಲಿಲ್ಲ. ಮಾತು ಹೊರಡಲಿ ಎಂದು ಇಬ್ಬರ ಕುರ್ಚಿ ಬದಲಿಸಿದೆ. ಅವಳು ಅವನಾಗಿ, ಅವನು ಅವಳಾಗಿ ಮಾತಾಡಬೇಕು.

"ಹಾಗಾದ್ರೆ ಮೊದಲು ನನಗೆ ನಾನೇ ಬೈಕೋಬೇಕು," ಎಂದ ಗಂಡ.

"ಅದಕ್ಕೂ ನಾನೇ ಹೇಳ್ಕೊಡಬೇಕಾ?" ಎಂದಳು ಅವಳು. ಮೂವರೂ ನಕ್ಕೆವು.

ಅವನು ಅವಳ ಕುರ್ಚಿಯಲ್ಲಿ ಕೂತು, ಅವಳಂತೆಯೇ ಅವಳ ಬ್ಯಾಗನ್ನು ಮಡಿಲಿಗೆಳೆದುಕೊಂಡು ಮೆಲ್ಲಗೆ ಹೇಳಿದ: "ನಾನು ಮನಸ್ಸಲ್ಲಿ ಆಗ್ಲೇ ಹೊರಟಾಗಿದೆ ಕಣ್ರೀ. ಪುಟ್ಟಿ ಪರೀಕ್ಷೆ ಮುಗೀಲಿ ಅಂತ ಇದ್ದೀನಿ, ಅಷ್ಟೆ."

ಅವಳು ನೋಡಿದ್ದು ಅವನನ್ನಲ್ಲ, ನನ್ನನ್ನು. "ಚೆನ್ನಾಗಿದೆ ಮೇಡಂ ನಿಮ್ಮ ಕೆಲಸ," ಎಂದು ಎದ್ದು ಹೋದಳು. ನಾನು ಅವನಿಗೆ ಒಂದಕ್ಷರವೂ ಹೇಳಿರಲಿಲ್ಲ. ಹಾಗೆಂದು ಅಲ್ಲೇ ಹೇಳಿದ್ದರೆ, ಫೋನಿನ ಮಾತನ್ನು ಅವನೆದುರು ನಾನೇ ಬಯಲು ಮಾಡಿದಂತಾಗುತ್ತಿತ್ತು.

ಅವನು ಅವಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು, ಬಾಗಿಲಲ್ಲಿ ನಿಂತು ಕೇಳಿದ: "ಬರೋ ಮಂಗಳವಾರ ಇದೇ ಹೊತ್ತಿಗೆ ತಾನೆ?"

ಹೂಂ ಎಂದೆ. ಅವಳು ಇನ್ನು ನನ್ನನ್ನು ನಂಬಲಾರಳು. ಆ ನೋವು ತಿಳಿದದ್ದೇ, ಈ ಕೆಲಸದಲ್ಲಿ ಅಭ್ಯಾಸವಾಗಿದೆ. ನಿದ್ದೆ ಮಾಡಲು ಬಿಡದೆ ಕಾಡುತ್ತಿರುವುದು ಬೇರೆ. ಎಲ್ಲ ಗೊತ್ತಿದ್ದೂ ವಾರವಾರ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ಅವಳಿಗಿಂತ ಮುಂಚೆಯೇ ಬಂದು ಕೂರುತ್ತಿದ್ದೆಯಲ್ಲ, ಯಾಕೋ ಪುಣ್ಯಾತ್ಮ?